ಜೋಡಿ ಕಟ್ಟದ ಕುಸ್ತಿ

ದಸರೆಗೆ ಕೆಲವು ದಿನ ಮುಂಚೆ ಮೈಸೂರಿನಲ್ಲಿ ಕುಸ್ತಿಯ ಜೋಡಿ ಕಟ್ಟುತ್ತಾರೆ. ಅವತ್ತು ಪಂದ್ಯ ಇರುವುದಿಲ್ಲ. ಬೇರೆ ಬೇರೆ ಗರಡಿಗಳ ಹುಡುಗರು ಬಂದು ಸಾಲಾಗಿ ನಿಲ್ಲುತ್ತಾರೆ, ಯಾರಿಗೆ ಯಾರು ಸರಿ ಎಂದು ಹಿರಿಯರು ಹೊಂದಿಸುತ್ತಾರೆ. ಚಿಕ್ಕಂದಿನಲ್ಲಿ ದೊಡ್ಡಪ್ಪನ ಕೈ ಹಿಡಿದುಕೊಂಡು ನಾನೂ ಹೋಗುತ್ತಿದ್ದೆ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಅಂಗಿ ಬಿಚ್ಚಿಸಿದ ಮೇಲೆ ದೊಡ್ಡಪ್ಪ ಮೊದಲು ಹೆಗಲು ಮುಟ್ಟಿ ನೋಡುತ್ತಿದ್ದರು. ಆಮೇಲೆ ಕತ್ತು. ಕೊನೆಗೆ ಕಿವಿ. ವರ್ಷಗಟ್ಟಲೆ ಮಟ್ಟಿಯಲ್ಲಿ ಉಜ್ಜಿದ ಕಿವಿಯ ಅಂಚು ಮುದುಡಿ ಗಟ್ಟಿಯಾಗಿರುತ್ತದೆ. ಕಿವಿ ಹಾಗಿದ್ದರೆ ಹುಡುಗ ಹಳಬ, ಮೆತ್ತಗಿದ್ದರೆ ಹೊಸಬ. ತಕ್ಕಡಿ ಇಬ್ಬರಿಗೂ ಒಂದೇ ತೂಕ ತೋರಿಸಿದರೂ ಹಳೇ ಕಿವಿಗೆ ಹೊಸ ಕಿವಿಯನ್ನು ಗಂಟು ಹಾಕುತ್ತಿರಲಿಲ್ಲ. "ಇದು ಜೋಡಿ ಅಲ್ಲ" ಎನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು.

ಒಂದು ವರ್ಷ ತೆಳ್ಳಗಿನ ಹುಡುಗನೊಬ್ಬ ಹಟ ಹಿಡಿದ. ಎದುರಿಗಿದ್ದವನು ಅವನಿಗಿಂತ ಎರಡು ಪಟ್ಟು ಇದ್ದ. "ಉಸ್ತಾದ್ರೇ, ನಾನು ಒಪ್ಪಿದೀನಲ್ಲ, ಬಿಡಿ, ಆಡ್ತೀನಿ" ಎಂದ. ದೊಡ್ಡಪ್ಪ ಅವನ ತಲೆ ಸವರಿ, "ನೀನು ಒಪ್ಪಿದ್ರೆ ಆಗ್ಲಿಲ್ಲ ಮಗಾ, ಜೋಡಿ ಒಪ್ಬೇಕು" ಎಂದರು. ಹುಡುಗ ಕಣ್ಣೊರೆಸಿಕೊಳ್ಳುತ್ತ ಸಾಲಿಗೆ ವಾಪಸು ಹೋದ. ಆ ಮಾತಿನ ತೂಕ ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಮೈಬಲದ ವಿಷಯದಲ್ಲಿ ಮನುಷ್ಯರು ಬಹಳ ಹಿಂದೆಯೇ ಎಚ್ಚೆತ್ತುಕೊಂಡರು. ಬಲ ಇದ್ದವನು ಇಲ್ಲದವನನ್ನು ಕೆಡವುವುದು ಗೆಲುವಲ್ಲ ಎಂದು ಮನಗಂಡು ಅದರ ಸುತ್ತ ಬೇಲಿ ಕಟ್ಟುತ್ತ ಬಂದರು. ಗದಾಯುದ್ಧದಲ್ಲಿ ಹೊಕ್ಕುಳಿಂದ ಕೆಳಗೆ ಹೊಡೆಯಬಾರದು. ಭೀಮ ಹೊಡೆದ. ಎದುರಿಗಿದ್ದವನು ದುರ್ಯೋಧನನೇ ಆದರೂ ಬಲರಾಮ ನೇಗಿಲೆತ್ತಿಕೊಂಡು ಭೀಮನ ಮೇಲೆ ಏರಿಹೋದ. ಆ ಏಟು ಸರಿಯೋ ತಪ್ಪೋ ಎಂದು ನಾವು ಇವತ್ತಿಗೂ ಜಗಲಿಯ ಮೇಲೆ ಕೂತು ವಾದ ಮಾಡುತ್ತೇವೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ನೋಡುವುದಕ್ಕೆ ಭಯಂಕರ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ನಿಲ್ಲುತ್ತಾರೆ. ಆದರೆ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಇನ್ನು 2024ರ ಆಗಸ್ಟ್ 7ರ ಬೆಳಗ್ಗೆ ಪ್ಯಾರಿಸ್‌ನಲ್ಲಿ ಆದದ್ದು ಯಾರಿಗೂ ಮರೆತಿಲ್ಲ. ಹಿಂದಿನ ದಿನ ಮೂರು ಪಂದ್ಯ ಗೆದ್ದು 50 ಕಿಲೋ ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್, ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಒಲಿಂಪಿಕ್ಸ್‌ನಿಂದಲೇ ಹೊರಬಿದ್ದರು. ಆ ದಿನ ನಾನೂ ಅತ್ತೆ. ಮೈಬಲವನ್ನು ನಾವು ಅಷ್ಟು ಸಣ್ಣಗೆ ಅಳೆಯುತ್ತೇವೆ. ಒಂದು ಲೋಟ ನೀರಿಗಿಂತ ಕಡಿಮೆ ತೂಕದ ಅಂತರವೂ ಎದುರಾಳಿಗೆ ಅನ್ಯಾಯ ಎನ್ನುವ ಮಟ್ಟಕ್ಕೆ ಬಂದು ನಿಂತಿದ್ದೇವೆ.

ಬುದ್ಧಿಬಲಕ್ಕೆ ಇಂಥ ತಕ್ಕಡಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

ದೊಡ್ಡಪ್ಪನಿಗೆ ಊರಿನ ಪೂರ್ವಕ್ಕೆ ಎರಡು ಎಕರೆ ಖುಷ್ಕಿ ಜಮೀನಿತ್ತು. ರಾಗಿ, ಹುರುಳಿ ಬಿಟ್ಟರೆ ಬೇರೇನೂ ಬೆಳೆಯದ ಕೆಮ್ಮಣ್ಣು. ಒಂದು ದಿನ ಪೇಟೆಯ ಕಡೆಯಿಂದ ಜಮೀನು ವ್ಯಾಪಾರದ ದಲ್ಲಾಳಿಯೊಬ್ಬ ಬಂದ. ತುಂಬ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು, ದೊಡ್ಡಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಚಾಪೆಯ ಮೇಲೆ ಕೂತ. ಊರಿನಲ್ಲಿ ಆಗ ನಡೆಯುತ್ತಿದ್ದ ರೇಟಿಗಿಂತ ಎಕರೆಗೆ ಐದು ಸಾವಿರ ಹೆಚ್ಚಿಗೆ ಕೊಡುತ್ತೇನೆ ಎಂದ. ದೊಡ್ಡಮ್ಮ ಮುದ್ದೆ, ಉಪ್ಪೆಸರು ಬಡಿಸಿದರು. ಆತ ಎರಡನೇ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡ. ಹದಿನೈದು ದಿನದಲ್ಲಿ ನೋಂದಣಿ ಆಯಿತು. ಎಂಟು ತಿಂಗಳ ಮೇಲೆ ಆ ಜಮೀನಿನ ಪಕ್ಕದಲ್ಲೇ ದೊಡ್ಡ ರಸ್ತೆ ಹಾಯುತ್ತದೆಂಬ ಪ್ರಕಟಣೆ ಬಂತು. ಎರಡು ಎಕರೆಯನ್ನು ಆತ ಸೈಟುಗಳಾಗಿ ಸೀಳಿ ಮಾರಿದ. ಒಂದೊಂದು ಸೈಟಿನ ಬೆಲೆ ದೊಡ್ಡಪ್ಪನಿಗೆ ಎರಡು ಎಕರೆಗೆ ಸಿಕ್ಕಿದ್ದಕ್ಕಿಂತ ಜಾಸ್ತಿ.

ರಸ್ತೆಯ ವಿಷಯ ಆತನಿಗೆ ಮೊದಲೇ ತಿಳಿದಿತ್ತು. ಯಾವ ಸರ್ವೆ ನಂಬರಿನ ಮೇಲೆ ಹಾಯುತ್ತದೆ, ಯಾವುದರ ಅಂಚಿಗೆ ಬರುತ್ತದೆ ಎಂದು ನಕಾಶೆ ನೋಡಿ ಲೆಕ್ಕ ಹಾಕಿಯೇ ಬಂದಿದ್ದ. ಆದರೆ ಒಂದು ಸುಳ್ಳನ್ನೂ ಹೇಳಲಿಲ್ಲ. "ಇಲ್ಲಿ ರಸ್ತೆ ಬರುತ್ತಾ?" ಎಂದು ದೊಡ್ಡಪ್ಪ ಕೇಳಿದ್ದರೆ ಏನು ಹೇಳುತ್ತಿದ್ದನೋ. ದೊಡ್ಡಪ್ಪ ಕೇಳಲಿಲ್ಲ. ಕೇಳಬೇಕಾದದ್ದು ಏನೆಂದೇ ಅವರಿಗೆ ಗೊತ್ತಿರಲಿಲ್ಲ.

ಊರಿನಲ್ಲಿ ಯಾರೂ ಆತನನ್ನು ಬೈಯಲಿಲ್ಲ. ನನಗೆ ಚುಚ್ಚಿದ್ದು ಅದೇ. ಅಂಗಡಿ ಕಟ್ಟೆಯ ಮೇಲೆ ಎಲ್ಲರೂ ತಲೆಯಾಡಿಸಿ, "ಬುದ್ಧಿವಂತ ಕಣಪ್ಪಾ" ಎಂದರು. ದೊಡ್ಡಪ್ಪನೂ ಹಾಗೇ ಎಂದರು. "ಅವ್ನು ನನ್ನ ಮೈ ಮುಟ್ಲಿಲ್ಲ, ನಾನೇ ಹೋಗಿ ಅಂಗಾತ ಬಿದ್ದೆ."

ನಮ್ಮ ಭಾಷೆಯಲ್ಲಿ 'ಬಲವಂತ', 'ಬುದ್ಧಿವಂತ' ಎಂಬೆರಡು ಪದಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇವೆ. ಬಲ ಉಳ್ಳವನು ಬಲವಂತ, ಬುದ್ಧಿ ಉಳ್ಳವನು ಬುದ್ಧಿವಂತ. ಆದರೆ ಬಳಕೆಯಲ್ಲಿ ಒಂದು ಎತ್ತಲೋ ಹೋಯಿತು, ಇನ್ನೊಂದು ಎತ್ತಲೋ. 'ಬಲವಂತ' ಎಂದರೆ ಇವತ್ತು ಮನಸ್ಸಿಲ್ಲದವರ ಮೇಲೆ ಹೇರುವುದು: ಬಲವಂತದ ಮಾಘಸ್ನಾನ, ಬಲವಂತದ ಮದುವೆ, ಬಲವಂತದ ವಸೂಲಿ. 'ಬುದ್ಧಿವಂತ' ಎಂಬುದು ಹೊಗಳಿಕೆಯಾಗಿಯೇ ಉಳಿಯಿತು. ಬಲಾತ್ಕಾರ ಎನ್ನುವ ಘೋರ ಪದವೂ ಬಲದಿಂದಲೇ ಹುಟ್ಟಿದ್ದು. ಬುದ್ಧಿಯಿಂದ ಅಂಥದ್ದೊಂದು ಪದ ಹುಟ್ಟಿಲ್ಲ. ಮೋಸ, ವಂಚನೆ ಇವೆಯಲ್ಲ ಎನ್ನಬಹುದು. ಅವು ಸುಳ್ಳು ಹೇಳಿದವನಿಗೆ. ಒಂದೂ ಸುಳ್ಳು ಹೇಳದೆ, ಎದುರಿನವನಿಗೆ ಕಾಣದ್ದು ತನಗೆ ಕಾಣುತ್ತದೆ ಎಂಬ ಒಂದೇ ಬಲದಿಂದ ಅವನ ಕೈಯಲ್ಲಿದ್ದದ್ದನ್ನು ತೆಗೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಬೈಗುಳವೇ ಇಲ್ಲ. ಹೆಸರಿಲ್ಲದ ತಪ್ಪನ್ನು ಊರು ತಪ್ಪೆಂದು ಗುರುತಿಸುವುದಾದರೂ ಹೇಗೆ?

ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. 1872ರ ಭಾರತೀಯ ಕರಾರು ಕಾಯ್ದೆ ಕುತೂಹಲದ ಓದು. ಒಪ್ಪಿಗೆ ಎಂದರೆ ಮುಕ್ತ ಒಪ್ಪಿಗೆಯಾಗಿರಬೇಕು ಎನ್ನುತ್ತದೆ. ಬಲವಂತ ಇದ್ದರೆ ಒಪ್ಪಿಗೆ ಮುಕ್ತವಲ್ಲ, ವಂಚನೆ ಇದ್ದರೂ ಅಲ್ಲ. ಅಲ್ಲಿಯವರೆಗೆ ಎಲ್ಲ ಸರಿ. ವಂಚನೆ ಎಂದರೇನು ಎಂದು ಹೇಳುವ 17ನೇ ಸೆಕ್ಷನ್‌ಗೆ ಕಾಯ್ದೆಯೇ ಕೆಲವು ಉದಾಹರಣೆಗಳನ್ನು ಕೊಟ್ಟಿದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಊನ ಇರುವುದು ಅವನಿಗೆ ಗೊತ್ತು. ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ? ಆಗ ಹೇಳಲೇಬೇಕು, ಸಂಬಂಧ ಅಂಥದ್ದು. ಕೊನೆಯ ಉದಾಹರಣೆಯಲ್ಲಿ ಇಬ್ಬರು ವ್ಯಾಪಾರಿಗಳು ಕರಾರು ಮಾಡಿಕೊಳ್ಳುತ್ತಾರೆ. ಬೆಲೆ ಬದಲಾಗಿದೆ ಎಂಬ ಗುಟ್ಟಿನ ಸುದ್ದಿ ಒಬ್ಬನಿಗೆ ಸಿಕ್ಕಿದೆ. ಇನ್ನೊಬ್ಬನಿಗೆ ತಿಳಿದರೆ ಅವನು ಕರಾರಿಗೆ ಮುಂದೆ ಬರದೇ ಇರಬಹುದು. ಹೇಳಬೇಕೆ? ಬೇಕಿಲ್ಲ.

ಕಾಯ್ದೆ ಬರೆದವರು ಆ ಉದಾಹರಣೆಯಲ್ಲಿ ಇಬ್ಬರೂ ವ್ಯಾಪಾರಿಗಳು ಎಂದು ಬರೆದಿದ್ದಾರೆ. ಅದೊಂದು ಪದದಲ್ಲಿ ನನಗೆ ಜೋಡಿ ಕಟ್ಟುವ ಉಸ್ತಾದನ ಕಣ್ಣು ಕಂಡಿತು. ಹಳೇ ಕಿವಿಗೆ ಹಳೇ ಕಿವಿ. ಮಗಳ ಉದಾಹರಣೆಯಲ್ಲೂ ಅದೇ ಕಣ್ಣು: ಅವಳು ಅಪ್ಪನನ್ನು ನಂಬಿ ನಿಂತಿದ್ದಾಳೆ, ಅಖಾಡಕ್ಕೆ ಇಳಿದಿಲ್ಲ. ದೊಡ್ಡಪ್ಪ ಇವೆರಡರಲ್ಲಿ ಯಾವುದೂ ಆಗಿರಲಿಲ್ಲ. ದಲ್ಲಾಳಿಗೆ ಮಗಳಲ್ಲ, ಸಮನಾದ ವ್ಯಾಪಾರಿಯೂ ಅಲ್ಲ. ನಡುವಿನ ಬಯಲಲ್ಲಿ ನಿಂತವನನ್ನು ಕೆಡವಿದರೆ ಅದು ವ್ಯಾಪಾರ ಎನಿಸಿಕೊಳ್ಳುತ್ತದೆ. ನಮ್ಮ ದೇಶದ ಬಹುಪಾಲು ಜನ ನಿಂತಿರುವುದು ಆ ಬಯಲಿನಲ್ಲೇ.

ಈ ಪ್ರಶ್ನೆ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಬ್ಬ ದವಸದ ವ್ಯಾಪಾರಿಯ ಪ್ರಸಂಗವಿದೆ. ರೋಡ್ಸ್ ದ್ವೀಪದಲ್ಲಿ ಬರ ಬಿದ್ದು ದವಸದ ಬೆಲೆ ಮುಗಿಲು ಮುಟ್ಟಿದೆ. ಅಲೆಕ್ಸಾಂಡ್ರಿಯಾದಿಂದ ಹೊರಟ ಅವನ ಹಡಗು ಮೊದಲು ಬಂದು ತಲುಪಿದೆ. ಹಿಂದೆ ಇನ್ನೂ ಹಲವು ಹಡಗುಗಳು ದವಸ ಹೊತ್ತು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ರೋಡ್ಸಿನವರಿಗೆ ಅದನ್ನು ಹೇಳಬೇಕೇ, ಸುಮ್ಮನಿದ್ದು ದುಬಾರಿ ಬೆಲೆಗೆ ಮಾರಬೇಕೇ? ಡಯೋಜಿನಿಸ್ ಎಂಬ ತತ್ವಜ್ಞಾನಿ, ಸುಮ್ಮನಿರುವುದು ಬೇರೆ, ಬಚ್ಚಿಡುವುದು ಬೇರೆ, ಹೇಳುವ ಹಂಗಿಲ್ಲ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ, ಹೇಳಲೇಬೇಕು ಎನ್ನುತ್ತಾನೆ. ಸಿಸೆರೊ ನಿಂತದ್ದು ಶಿಷ್ಯನ ಕಡೆ.

ದಲ್ಲಾಳಿಗೆ ಸಿಗಬಹುದಾದ ಅತ್ಯಂತ ಜಾಣ ವಕೀಲ ಮಾತ್ರ ನಮ್ಮ ಮಹಾಭಾರತದಲ್ಲೇ ಇದ್ದಾನೆ. ಸಭಾಪರ್ವದಲ್ಲಿ ಜೂಜಿಗೆ ಕೂರುವ ಮುಂಚೆ ಧರ್ಮರಾಯ ಹಿಂಜರಿಯುತ್ತಾನೆ. ಜೂಜಿನಲ್ಲಿ ಕಪಟ ಇದೆ, ಅದರಲ್ಲಿ ಕ್ಷತ್ರಿಯನ ಪರಾಕ್ರಮ ಇಲ್ಲ ಎನ್ನುತ್ತಾನೆ. ಅದಕ್ಕೆ ಶಕುನಿ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಓದಿದವನು ಓದದವನ ಮೇಲೆ ವಾದಕ್ಕೆ ಹೋಗುವುದೂ ಗೆಲ್ಲುವ ಆಸೆಯಿಂದಲೇ, ಅಸ್ತ್ರ ಬಲ್ಲವನು ಬಾರದವನ ಮೇಲೆ ಏರಿಹೋಗುವುದೂ, ಬಲವಿದ್ದವನು ಬಲಹೀನನನ್ನು ಎದುರಿಸುವುದೂ ಹಾಗೇ. ಅದನ್ನೆಲ್ಲ ಜನ ಕಪಟ ಅನ್ನುವುದಿಲ್ಲ, ಇದನ್ನೇಕೆ ಅನ್ನಬೇಕು? ಹೆದರಿಕೆ ಇದ್ದರೆ ಆಡಬೇಡ.

ಈ ವಾದವನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಶಕುನಿಯ ದಾಳದಲ್ಲಿ ಮೋಸ ಇತ್ತೋ ಇಲ್ಲವೋ, ಅವನ ಮಾತಿನಲ್ಲಿ ಅದರ ಪ್ರಸ್ತಾಪವೇ ಇಲ್ಲ. ಮೋಸವಿಲ್ಲದೆ ಆಡಿದರೂ ನಿಪುಣನು ಅನಿಪುಣನನ್ನು ಸುಲಿಯುವುದು ಲೋಕದ ರೀತಿ ಎನ್ನುವುದು ಅವನ ನಿಲುವು. ಧರ್ಮರಾಯ ಒಪ್ಪಿದ. ಕರೆದರೆ ಹಿಂದೆಗೆಯುವುದಿಲ್ಲ ಎಂದು ಕೂತ. ದುರ್ಯೋಧನನ ಪರವಾಗಿ ಶಕುನಿ ಆಡಿದ. ಅಂದು ಆ ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು, ವಿದುರನಿದ್ದ. ಇದು ಜೋಡಿ ಅಲ್ಲ ಎಂದು ಎದ್ದು ಬಂದು ದಾಳ ಕಸಿದುಕೊಂಡವರು ಒಬ್ಬರೂ ಇರಲಿಲ್ಲ. ವಿದುರ ಬಾಯಲ್ಲಿ ಬೇಡವೆಂದ, ಮಿಕ್ಕವರು ಒಪ್ಪಿದನಲ್ಲ ಎಂದು ಕೂತರು. ದ್ರೌಪದಿಯನ್ನು ಸಭೆಗೆ ಎಳೆತಂದ ಮೇಲೆ ದುಶ್ಶಾಸನನ ತೋಳು ಎಲ್ಲರ ಕಣ್ಣಿಗೂ ಬಿತ್ತು. ಆ ತೋಳಿಗೆ ದಾರಿ ಮಾಡಿಕೊಟ್ಟಿದ್ದು ಬೆರಳ ತುದಿಯ ನಿಪುಣತೆ.

ಹಾಗಿದ್ದರೂ ನಮಗೆ ಜಾಣನ ಮೇಲೆ ಇಷ್ಟು ಪ್ರೀತಿ ಏಕೆ? ನನಗೆ ತೋರುವ ಕಾರಣ ಪಂಚತಂತ್ರದ ಮೊಲ. ಸಿಂಹ ದಿನಕ್ಕೊಂದು ಪ್ರಾಣಿಯನ್ನು ತಿನ್ನುತ್ತಿತ್ತು, ಮೊಲ ಅದನ್ನು ಬಾವಿಯ ಹತ್ತಿರ ಕರೆದೊಯ್ದು ಅದರದೇ ನೆರಳು ತೋರಿಸಿ ಹಾರಿಸಿತು. ಶಕ್ತಿಗಿಂತ ಯುಕ್ತಿ ಮೇಲು ಎಂದು ಅಜ್ಜಿ ಕಥೆ ಮುಗಿಸಿದಾಗ ನಾವು ಚಪ್ಪಾಳೆ ತಟ್ಟಿದೆವು. ಸರಿಯಾಗಿಯೇ ತಟ್ಟಿದೆವು. ಅಲ್ಲಿ ಬುದ್ಧಿ ಬಡವನ ಆಯುಧವಾಗಿತ್ತು. ಹಲ್ಲಿಲ್ಲದವನು ಹಲ್ಲಿದ್ದವನಿಂದ ಜೀವ ಉಳಿಸಿಕೊಂಡ ಕಥೆ ಅದು. ಆಮೇಲೆ ಕಾಲ ಬದಲಾಯಿತು. ಹೊಲ ಉಳುವುದಕ್ಕೆ, ಮೂಟೆ ಎತ್ತುವುದಕ್ಕೆ ಯಂತ್ರ ಬಂತು. ತೋಳಿನ ಬೆಲೆ ಇಳಿಯಿತು, ತಲೆಯ ಬೆಲೆ ಏರಿತು. ಇವತ್ತು ಸಿಂಹಾಸನದ ಮೇಲೆ ಕೂತಿರುವುದು ಮೊಲ. ನಾವು ಮಾತ್ರ ಹಳೇ ಕಥೆಯ ಚಪ್ಪಾಳೆಯನ್ನು ಇನ್ನೂ ನಿಲ್ಲಿಸಿಲ್ಲ.

ಇವತ್ತಿನ ಅತಿ ದೊಡ್ಡ ಅಖಾಡ ಯಾವುದೆಂದರೆ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ನನ್ನ ಪರಿಚಯದ ಹುಡುಗನೊಬ್ಬ, ಡಿಪ್ಲೊಮಾ ಮುಗಿಸಿ ಕಾರ್ಖಾನೆಗೆ ಸೇರಿದವನು, ಊಟದ ಬಿಡುವಿನಲ್ಲಿ ಮೊಬೈಲ್ ತೆಗೆದು ಆಪ್ಷನ್ ಕೊಳ್ಳುತ್ತಿದ್ದ. ಒಂದು ಕೈಯಲ್ಲಿ ತುತ್ತು, ಇನ್ನೊಂದರ ಹೆಬ್ಬೆರಳು ಪರದೆಯ ಮೇಲೆ. ಹಸಿರು ಅಂಕಿ ಕೆಂಪಾಗುತ್ತಿತ್ತು, ಕೆಂಪು ಹಸಿರಾಗುತ್ತಿತ್ತು. ಎದುರಾಳಿ ಯಾರು ಎಂದು ಕೇಳಿದೆ. "ಯಾರೋ ನನ್ನಂಥೋರೇ ಇರ್ತಾರೆ ಸರ್" ಎಂದ. ಪರದೆಯ ಆ ಬದಿಯಲ್ಲಿ ಯಾರಿದ್ದಾರೆ ಎಂಬುದನ್ನು ಮಾರುಕಟ್ಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಅಂಕಿಅಂಶ ಸಮೇತ ಹೊರಗಿಟ್ಟಿತು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡಿದ್ದರು. ಸರಾಸರಿ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಎಲ್ಲರದೂ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಕಳೆದುಕೊಂಡದ್ದು ಎಲ್ಲಿಗೆ ಹೋಯಿತು? 2024ರ ಹಣಕಾಸು ವರ್ಷವೊಂದರಲ್ಲೇ, ಖರ್ಚು ಕಳೆಯುವ ಮುಂಚಿನ ಲೆಕ್ಕದಲ್ಲಿ, ಸ್ವಂತ ಹಣ ಹೂಡುವ ವ್ಯಾಪಾರಿ ಸಂಸ್ಥೆಗಳು ಸುಮಾರು 33,000 ಕೋಟಿ ರೂಪಾಯಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ರೂಪಾಯಿ ಲಾಭ ಮಾಡಿಕೊಂಡರು. ಆ ಲಾಭದಲ್ಲಿ ನೂರಕ್ಕೆ ತೊಂಬತ್ತಾರು ತೊಂಬತ್ತೇಳು ಪಾಲು ಬಂದದ್ದು ಅಲ್ಗಾರಿದಂ ವ್ಯಾಪಾರದಿಂದ. ಎಂದರೆ ಆ ಬದಿಯಲ್ಲಿ ಗಣಿತ ಅರೆದು ಕುಡಿದ ತಲೆಗಳು ಕೂತು ಬರೆದ ಪ್ರೋಗ್ರಾಂ ಇದೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಕೊಂಡು ಮಾರಿ ಮುಗಿಸುವ ಯಂತ್ರ ಇದೆ. ಈ ಬದಿಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದ ಹುಡುಗ. ಎರಡೂ ಕಡೆಯವರು ಒಪ್ಪಿದ್ದಾರೆ. ನಷ್ಟವಾಗಬಹುದು ಎಂಬ ಎಚ್ಚರಿಕೆಯನ್ನು ಒತ್ತಿಯೇ ಹುಡುಗ ಒಳಗೆ ಹೋಗಿದ್ದಾನೆ. ನೀನು ಒಪ್ಪಿದರೆ ಆಗಲಿಲ್ಲ, ಜೋಡಿ ಒಪ್ಪಬೇಕು ಎಂದು ತಲೆ ಸವರಿ ವಾಪಸು ಕಳಿಸುವ ಕೈ ಅಲ್ಲಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೆಬಿ ಒಂದಿಷ್ಟು ಬಿಗಿ ಮಾಡಿತು. ಕರಾರಿನ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿತು, ವಾರವಾರ ಮುಗಿಯುವ ಕರಾರುಗಳನ್ನು ಕಡಿಮೆ ಮಾಡಿತು. ಬಾಗಿಲು ಎತ್ತರ ಮಾಡಿದರೆ ಚಿಕ್ಕವರು ಒಳಗೆ ಬರುವುದಿಲ್ಲ ಎಂಬ ಲೆಕ್ಕ. ಜೋಡಿ ಕಟ್ಟುವ ಕೆಲಸದ ಮೊದಲ ಹೆಜ್ಜೆ ಎಂದು ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ.

ಇಂಥ ಬೇಲಿ ಇನ್ನೂ ಒಂದೆರಡು ಕಡೆ ಬಿದ್ದಿದೆ. ಆನ್‌ಲೈನ್ ಮಳಿಗೆಗಳು ನಮ್ಮ ಗಮನ ತಪ್ಪಿಸಿ ಜೇಬಿಗೆ ಕೈ ಹಾಕುವ ವಿಧಾನಗಳಲ್ಲಿ ಹದಿಮೂರನ್ನು ಹೆಸರಿಸಿ, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಇನ್ನೆರಡೇ ಉಳಿದಿವೆ ಎಂದು ಇಲ್ಲದ ಅವಸರ ಹುಟ್ಟಿಸುವುದು, ಚಂದಾ ಕಟ್ಟಲು ಒಂದು ಗುಂಡಿ, ಬಿಡಲು ಹತ್ತು ಬಾಗಿಲು ಇಡುವುದು. ಇವಕ್ಕೆ ಹೆಸರು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ನಮ್ಮ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ಸಾಲಗಾರನ ಮನೆ ಮುಂದೆ ಬಂದು ಬೆದರಿಸಿದರೆ, ಪೀಡಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬಹಳ ಬೇಕಾಗಿದ್ದ ಕಾನೂನು. ಆದರೆ ಅದರ ಹೆಸರಿನಲ್ಲೇ 'ಬಲವಂತದ ಕ್ರಮ' ಇದೆ. ಬಾಗಿಲು ಬಡಿಯುವ ತೋಳು ಕಾನೂನಿಗೆ ಚೆನ್ನಾಗಿ ಕಂಡಿದೆ. ತಿಂಗಳಿಗೆ ಹತ್ತು ಸಾವಿರ ದುಡಿಯುವ ಹೆಂಗಸಿಗೆ ಐದು ಕಡೆ ಸಾಲ ಕೊಟ್ಟು, ಅವಳು ತೀರಿಸಲಾರಳು ಎಂದು ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿಸಿಕೊಂಡ ಲೆಕ್ಕಾಚಾರ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಗೌರವದಿಂದ ಎದುರಿಸಬೇಕು. ಮೈಬಲ ಹುಟ್ಟಿನಿಂದ ಬಂದದ್ದು, ಬುದ್ಧಿ ಕಷ್ಟಪಟ್ಟು ಗಳಿಸಿದ್ದು. ಗಳಿಸಿದ್ದರ ಫಲ ಉಣ್ಣುವುದರಲ್ಲಿ ತಪ್ಪೇನು ಎಂದು ಓದಿದವರು ಕೇಳುತ್ತಾರೆ. ಗರಡಿ ನೋಡದವರ ಮಾತು ಇದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಾಮು ಮಾಡದೆ, ಬಸ್ಕಿ ಹೊಡೆಯದೆ, ಬರೀ ಹುಟ್ಟಿನಿಂದ ಯಾವನೂ ಪೈಲ್ವಾನ ಆದದ್ದಿಲ್ಲ. ತಲೆಯೂ ಅಷ್ಟೇ. ಒಂದಿಷ್ಟು ತಾಯಿಯ ಹೊಟ್ಟೆಯಿಂದ ಬಂದದ್ದು, ಒಂದಿಷ್ಟು ಮನೆಯಿಂದ ಸಿಕ್ಕಿದ್ದು, ಮಿಕ್ಕಿದ್ದು ಸಾಧನೆ. ಮೊದಲಿನ ಎರಡಕ್ಕೂ ನಾವು ಏನೂ ಮಾಡಿರುವುದಿಲ್ಲ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಲಾಟರಿಗೆ ಹೋಲಿಸಿದರು. ಹುಟ್ಟಿನ ಪ್ರತಿಭೆಯನ್ನು ಯಾರೂ ಅರ್ಹತೆಯಿಂದ ಪಡೆದಿರುವುದಿಲ್ಲ ಎಂದರು. ಅದಕ್ಕೂ ಮುಂಚೆ, 1958ರಲ್ಲಿ, ಬ್ರಿಟನ್ನಿನ ಮೈಕಲ್ ಯಂಗ್ ಇನ್ನೊಂದು ಅಪಾಯ ಕಂಡಿದ್ದರು. 2034ರ ಹೊತ್ತಿಗೆ ಬುದ್ಧಿ ಮತ್ತು ದುಡಿಮೆಯನ್ನು ಅಳೆದೇ ಎಲ್ಲ ಹುದ್ದೆ ಹಂಚುವ ಒಂದು ಸಮಾಜವನ್ನು ಕಲ್ಪಿಸಿ ಬರೆದರು. ಅಲ್ಲಿ ಸೋತವನ ಗೋಳು ಹಳೇ ಕಾಲದ ಬಡವನ ಗೋಳಿಗಿಂತ ಹೆಚ್ಚು. ಹಳೇ ಬಡವ, ನನಗೆ ಅವಕಾಶ ಸಿಗಲಿಲ್ಲ ಎಂದಾದರೂ ಹೇಳಿಕೊಳ್ಳಬಹುದಿತ್ತು. ಹೊಸಬನಿಗೆ ಆ ಮಾತೂ ಇಲ್ಲ, ನೀನು ಸೋತದ್ದು ನಿನ್ನ ಯೋಗ್ಯತೆಯಿಂದ ಎಂದು ಲೋಕವೇ ಚೀಟಿ ಅಂಟಿಸಿರುತ್ತದೆ. ಯಂಗ್ ಅದನ್ನು ಎಚ್ಚರಿಕೆಯಾಗಿ ಬರೆದರು. ಅವರು ಹೆಸರುವಾಸಿ ಮಾಡಿದ 'ಮೆರಿಟಾಕ್ರಸಿ' ಎಂಬ ಪದವನ್ನು ಜಗತ್ತು ಹೊಗಳಿಕೆಯೆಂದು ತಲೆ ಮೇಲೆ ಹೊತ್ತುಕೊಂಡಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಈ ಜೋಡಿಯ ಪ್ರಶ್ನೆಯನ್ನು ಅದಕ್ಕೂ ನಲವತ್ತು ವರ್ಷ ಮುಂಚೆ ಕೈಗೆತ್ತಿಕೊಂಡಿದ್ದರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವುದು ಹೇಗೆಂದು ಹೇಳಲು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಪ್ರತಿಭೆಯೇ ಅಳತೆಗೋಲಾಗಬೇಕು ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ವಿಶ್ವೇಶ್ವರಯ್ಯನವರ ಬುದ್ಧಿ ಕನ್ನಂಬಾಡಿಯ ನೀರಾಗಿ ಇವತ್ತಿಗೂ ಮಂಡ್ಯದ ಗದ್ದೆಗಳಲ್ಲಿ ಹರಿಯುತ್ತಿದೆ, ಆ ಋಣ ದೊಡ್ಡದು. ಆದರೂ ಈ ಒಂದು ವಿಷಯದಲ್ಲಿ ನಾನು ಮಹಾರಾಜರ ಕಡೆ. ಅಕ್ಷರದ ಗರಡಿಗೆ ತಲೆತಲಾಂತರದಿಂದ ಕಾಲಿಡಲು ಬಿಡದವರ ಮಗನನ್ನು, ಹತ್ತು ತಲೆಮಾರು ಅದೇ ಮಟ್ಟಿಯಲ್ಲಿ ಹೊರಳಿದವರ ಮಗನ ಎದುರಿಗೆ ನಿಲ್ಲಿಸಿ ಸೀಟಿ ಊದುವುದನ್ನು ಪಂದ್ಯ ಎನ್ನಲಾಗದು. ಅಂಕಪಟ್ಟಿ ಅವರಿಬ್ಬರ ತೂಕ ಹೇಳೀತು, ಕಿವಿ ಮುಟ್ಟಿ ನೋಡದು.

ಬುದ್ಧಿ ಬಳಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಂಬಾಡಿ ಕಟ್ಟಿದ ಬುದ್ಧಿ ಯಾರನ್ನೂ ಕೆಡವಲು ಹೊರಟದ್ದಲ್ಲ. ಮೂಟೆ ಹೊರುವ ಹಮಾಲಿಯ ತೋಳಿನ ಹಾಗೆ ಅದು ಕೆಲಸಕ್ಕೆ ಬಿದ್ದ ಬಲ. ಸಮನಾದ ಇಬ್ಬರು ಚದುರಂಗಕ್ಕೆ ಕೂತರೆ ಅದೂ ಚೆಂದದ ಕುಸ್ತಿಯೇ. 2024ರ ಡಿಸೆಂಬರ್‌ನಲ್ಲಿ ಹದಿನೆಂಟರ ಗುಕೇಶ್ ವಿಶ್ವಚಾಂಪಿಯನ್ ಆದಾಗ ಸೋತ ಡಿಂಗ್ ಲಿರೆನ್‌ಗೆ ತಾನು ಏನನ್ನು ಪಣಕ್ಕಿಟ್ಟಿದ್ದೇನೆ ಎಂಬುದು ತಿಳಿದಿತ್ತು. ಕೆಡುವುದು ಎಲ್ಲಿ ಎಂದರೆ, ತಾನು ಅಖಾಡದಲ್ಲಿ ನಿಂತಿದ್ದೇನೆ ಎಂದೇ ಒಬ್ಬನಿಗೆ ಗೊತ್ತಿಲ್ಲದಾಗ. ತೋಳಿನ ಏಟಿಗೆ ಸದ್ದಿದೆ, ನೋವಿದೆ. ಅಯ್ಯೋ ಎಂದರೆ ಅಕ್ಕಪಕ್ಕದವರು ಓಡಿ ಬರುತ್ತಾರೆ. ಬುದ್ಧಿಯ ಏಟಿಗೆ ಸದ್ದಿಲ್ಲ. ಬಿದ್ದವನೇ ತನ್ನ ಕೈಯಾರೆ ರುಜು ಹಾಕಿರುತ್ತಾನೆ, ಮುದ್ದೆ ಬಡಿಸಿರುತ್ತಾನೆ. ಆಮೇಲೆ ಬೈದುಕೊಳ್ಳುವುದೂ ತನ್ನನ್ನೇ. ಮೈಬಲ ಒಬ್ಬನ ಆಸ್ತಿ ಕಿತ್ತುಕೊಂಡರೆ ಅವನಿಗೆ ಸಿಟ್ಟಾದರೂ ಉಳಿಯುತ್ತದೆ. ದೊಡ್ಡಪ್ಪನಿಗೆ ಅದೂ ಉಳಿಯಲಿಲ್ಲ, ನಾಚಿಕೆ ಉಳಿಯಿತು. ಸಾಯುವವರೆಗೂ ಅವರು ಊರಿನ ಪೂರ್ವದ ದಾರಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಬಸ್ಸಿಗೆ ಹೋಗುತ್ತಿದ್ದರು.

ಶ್ರವಣಬೆಳಗೊಳಕ್ಕೆ ಹೋದಾಗಲೆಲ್ಲ ಈ ವಿಚಾರ ನನ್ನ ಜೊತೆ ಮೆಟ್ಟಿಲು ಹತ್ತುತ್ತದೆ. ಪಂಪನ ಆದಿಪುರಾಣ ಹೇಳುವ ಕಥೆ ಎಲ್ಲರಿಗೂ ಗೊತ್ತು. ಸೈನ್ಯಗಳು ಸಾಯುವುದು ಬೇಡ ಎಂದು ಭರತ ಬಾಹುಬಲಿ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಅಣ್ಣನನ್ನು ಮೇಲೆತ್ತಿದ ತೋಳು ಅವನನ್ನು ನೆಲಕ್ಕೆ ಅಪ್ಪಳಿಸುವುದಿಲ್ಲ, ಇಳಿಸುತ್ತದೆ. ಗೆದ್ದ ರಾಜ್ಯವನ್ನು ಬಿಟ್ಟು ಬಾಹುಬಲಿ ಕಾಡಿಗೆ ನಡೆಯುತ್ತಾನೆ. ಹೆಸರಿನಲ್ಲೇ ತೋಳ್ಬಲ ಇದ್ದವನು ತನ್ನ ತೋಳಿನ ಗೆಲುವಿಗೆ ನಾಚಿದ. ಆ ನಾಚಿಕೆಯನ್ನು 981ರಲ್ಲಿ ಚಾವುಂಡರಾಯ ಸುಮಾರು 58 ಅಡಿ ಎತ್ತರಕ್ಕೆ ಕಡೆಸಿ ನಿಲ್ಲಿಸಿದ. ತನಗಿಂತ ಮಂದ ಬುದ್ಧಿಯವನನ್ನು ಗೆದ್ದು, ಆ ಗೆಲುವಿಗೆ ನಾಚಿ, ಪಡೆದದ್ದನ್ನು ಇಳಿಸಿ ನಡೆದವನ ವಿಗ್ರಹ ಯಾವ ಬೆಟ್ಟದ ಮೇಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ.

ಅಂಥ ಒಂದು ಸಣ್ಣ ಘಟನೆಯನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಜಮೀನು ಹೋದ ಮೂರನೇ ವರ್ಷ, ಸಂಕ್ರಾಂತಿಯ ಹೊತ್ತಿಗೆ, ಚುಂಚನಕಟ್ಟೆಯ ದನಗಳ ಜಾತ್ರೆಗೆ ದೊಡ್ಡಪ್ಪ ತಮ್ಮ ಹಳ್ಳಿಕಾರ್ ಜೋಡೆತ್ತುಗಳನ್ನು ಹೊಡೆದುಕೊಂಡು ಹೋದರು. ದುಡ್ಡಿನ ಅಡಚಣೆ ಇತ್ತು. ಕೊಳ್ಳಲು ಬಂದವನು ಚಿಕ್ಕ ವಯಸ್ಸಿನ ರೈತ. ಸುಳಿ ನೋಡಿದ, ಬಾಯಿ ಬಿಡಿಸಿ ಹಲ್ಲು ನೋಡಿದ, ಬಾಲ ಎತ್ತಿ ನೋಡಿದ. ಎಲ್ಲ ಸರಿ ಇತ್ತು. ಜಾತ್ರೆಯ ಪದ್ಧತಿಯಂತೆ ಇಬ್ಬರ ಕೈ ಮೇಲೂ ಟವೆಲು ಬಿತ್ತು. ಅದರ ಕೆಳಗೆ ಬೆರಳು ಬೆರಳು ಹಿಡಿದು ಬೆಲೆ ಕುದುರುತ್ತದೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಬಟ್ಟೆ ಅಲುಗುತ್ತಿತ್ತು. ಹುಡುಗನ ಮುಖ ಅರಳಿತು. ದೊಡ್ಡಪ್ಪನ ಮುಖವೂ. ವ್ಯಾಪಾರ ಆಯಿತು ಎಂದು ನಾನು ಹಗ್ಗ ಬಿಚ್ಚಲು ಬಗ್ಗಿದೆ.

"ತಡಿ" ಎಂದರು ದೊಡ್ಡಪ್ಪ. ಕೈ ಇನ್ನೂ ಟವೆಲಿನ ಕೆಳಗೇ ಇತ್ತು. "ಎಡಗಡೇದು ಮಳೆಗಾಲದಲ್ಲಿ ಹಿಂಗಾಲು ಎಳೀತದೆ ಮಗಾ. ಈಗ ಕಾಣಾಕಿಲ್ಲ. ಕೆಸರಲ್ಲಿ ಇಳಿಸಿದ್ರೆ ಗೊತ್ತಾಯ್ತದೆ."

ಹುಡುಗ ತಿರುಗಿ ಎತ್ತಿನ ಕಾಲು ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಆಮೇಲೆ ದೊಡ್ಡಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ಟವೆಲು ಮತ್ತೆ ಅಲುಗಿತು.